ಬಟ್ಟಿ ಇಳಿಸಿದರೂ ಬಿಡದ ನೀರು

ಮಧುಗಿರಿಯ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಾಗ ಬಿ.ಎಸ್ಸಿ.ಗೆ ತೋವಿನಕೆರೆ ಕಡೆಯ ಒಬ್ಬಳು ಸೇರಿದಳು. ಮದುವೆಯಾಗಿ ಓದು ಬಿಟ್ಟು, ಮಗ ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ಹಿಡಿದವಳು. ಜೊತೆಯ ಹುಡುಗಿಯರು ಅವಳನ್ನು ಅಕ್ಕ ಎನ್ನುತ್ತಿದ್ದರು. ಲ್ಯಾಬಿನಲ್ಲಿ ಏನು ಕೆಟ್ಟರೂ, ಇಷ್ಟು ವರ್ಷ ಮನೆಯಲ್ಲಿ ಕೂತದ್ದರಿಂದಲೇ ಹೀಗಾಯಿತೆಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು.

ಆಲ್ಕೋಹಾಲಿನಲ್ಲಿ ಬೆರೆತ ನೀರನ್ನು ಪೂರ್ತಿ ತೆಗೆಯುವುದು ಅವಳು ಆರಿಸಿಕೊಂಡ ಪ್ರಾಜೆಕ್ಟ್. ಆಲ್ಕೋಹಾಲ್ ಬೇಗ ಕುದಿಯುತ್ತದೆ, ಅದರ ಆವಿ ತಣಿಸಿ ಹಿಡಿದರೆ ನೀರು ಕೆಳಗೇ ಉಳಿಯುತ್ತದೆ ಎಂದುಕೊಂಡಿದ್ದಳು. ಬಟ್ಟಿ ಇಳಿಸಿ ಬಂದದ್ದಕ್ಕೆ, ಹುರಿದು ಬಿಳಿಯಾಗಿಸಿದ ಮೈಲುತುತ್ತದ ಪುಡಿ ಉದುರಿಸಿದಳು. ನೀರಿದ್ದರೆ ಅದು ನೀಲಿಯಾಗುತ್ತದೆ. ಆಯಿತು. ಮತ್ತೆ ಬಟ್ಟಿ ಇಳಿಸಿದಳು, ಮತ್ತೆ ನೀಲಿ.

ನಾನು ಆ ದಿನ ಪರೀಕ್ಷೆಯ ಕೆಲಸಕ್ಕೆಂದು ಸಿರಾಕ್ಕೆ ಹೋಗಿದ್ದೆ. ಮರುದಿನ ಬಂದಾಗ ಅವಳು ಗಾಜಿನ ಕೊಳವೆಗಳನ್ನೆಲ್ಲ ಬಿಚ್ಚಿ ಒರೆಸುತ್ತಿದ್ದಳು.

"ನನ್ ಕೈಯಲ್ಲೇ ಏನೋ ಐತೆ ಮೇಡಂ. ಇದನ್ನ ಬುಟ್ಬುಡ್ತೀನಿ," ಎಂದಳು.

ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಆಲ್ಕೋಹಾಲ್ ನೂರಕ್ಕೆ ತೊಂಬತ್ತೈದು ಪಾಲು ಮುಟ್ಟಿ ಇನ್ನೊಂದಿಷ್ಟು ಏರುವಷ್ಟರಲ್ಲಿ, ಕೆಳಗಿನ ದ್ರವದಲ್ಲಿ ಎಷ್ಟು ನೀರೋ ಏಳುವ ಆವಿಯಲ್ಲೂ ಅಷ್ಟೇ ನೀರಿರುತ್ತದೆ, ಎರಡೂ ಒಂದೇ ಆದ ಮೇಲೆ ಎಷ್ಟು ಕುದಿಸಿದರೂ ಬೇರೆಯಾಗುವುದಿಲ್ಲ ಎಂದು ಹೇಳಿದೆ. ದೊಡ್ಡ ಕಾರ್ಖಾನೆಯವರಿಗೂ ಬರೀ ಹೀಗೆ ಕುದಿಸಿ ಅದನ್ನು ದಾಟಲಾಗುವುದಿಲ್ಲ ಎಂದೆ.

ಅವಳು ಒರೆಸುತ್ತಿದ್ದ ಕೊಳವೆಯನ್ನು ಮೇಜಿನ ಮೇಲಿಟ್ಟಳು. "ಅಂಗಾರೆ ಯಾರ್ ಮಾಡಿದ್ರೂ ಇಂಗೇ ಆಗ್ತಿತ್ತಾ?"

"ನಾನು ಮಾಡಿದ್ರೂ ಇಷ್ಟೇ ಕಣಮ್ಮ."

ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ, ಉಳಿದ ನೀರು ತೆಗೆಯುವುದು ಹೇಗೆಂದು ಕೇಳಿದಳು. ಸುಟ್ಟ ಸುಣ್ಣ ಅದನ್ನು ಹಿಡಿದುಕೊಳ್ಳುತ್ತದೆ ಎಂದೆ. ಮನೆಗೆ ಸುಣ್ಣ ಬಳಿಯುವಾಗ ಸುಣ್ಣದ ಕಲ್ಲಿಗೆ ನೀರು ಹುಯ್ದರೆ ಕೊತಕೊತ ಕುದಿಯುವುದನ್ನು ಅವಳೂ ಕಂಡಿದ್ದಳು.

ಮರುದಿನ ಸುಣ್ಣ ಹಾಕಿ, ಆವಿ ತಣಿದು ಮತ್ತೆ ಅದಕ್ಕೇ ಬೀಳುವಂತೆ ಬಹಳ ಹೊತ್ತು ಕಾಯಿಸಿದೆವು. ನಂತರ ಬಟ್ಟಿ ಇಳಿಸಿದಾಗ ಒಂದಿಷ್ಟು ಆಲ್ಕೋಹಾಲ್ ಸುಣ್ಣದಲ್ಲೇ ಉಳಿದು, ಬಂದದ್ದು ಕಡಿಮೆ. ಆದರೆ ಅದಕ್ಕೆ ಉದುರಿಸಿದ ಮೈಲುತುತ್ತದ ಪುಡಿ ಬಿಳಿಯಾಗಿಯೇ ಇತ್ತು. ಹುಡುಗಿಯರು ಬಂದು ಬಗ್ಗಿ ನೋಡಿದರು. ಮೊದಲು ಬರೀ ಕುದಿಸಿದಾಗ ಯಾಕೆ ಹೀಗೆ ಬರಲಿಲ್ಲ ಎಂದು ಒಬ್ಬಳು ಕೇಳಿದ್ದಕ್ಕೆ, ಇವಳು ಸೀಮೆಸುಣ್ಣ ತಗೊಂಡು ಮೇಜಿನ ಮೇಲೇ ಚಿತ್ರ ಬರೆದು ತನ್ನ ಮಾತಿನಲ್ಲಿ ವಿವರಿಸತೊಡಗಿದಳು. ಅರ್ಥವಾಗದವರಿಗೆ ಇನ್ನೊಮ್ಮೆ ಹೇಳಿದಳು. ನಾನು ಮಧ್ಯೆ ಬಾಯಿ ಹಾಕದೆ ನಲ್ಲಿಯ ಹತ್ತಿರ ಫ್ಲಾಸ್ಕು ತೊಳೆಯುತ್ತ ನಿಂತೆ. ಅವಳ ಬಸ್ಸಿಗೆ ಹೊತ್ತಾಯಿತೆಂದು ಕೊನೆಗೆ ನಾನೇ ನೆನಪಿಸಬೇಕಾಯಿತು.