ಗಂಡನಿಲ್ಲದ ಇಪ್ಪತ್ತೆರಡು ಕಥೆಗಳು

ನೀವು ಕಾದಂಬರಿ ಯಾಕೆ ಬರೆಯಲಿಲ್ಲ ಎಂದು ಕೇಳಿದವರಿಗೆಲ್ಲ ಗಿರಿನಗರದ ಸೀತಾಲಕ್ಷ್ಮಿಯವರು, ತನಗೆ ಅಷ್ಟು ಉಸಿರಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅದು ಶುದ್ಧ ಸುಳ್ಳು. ಉಸಿರು ಬೇಕಾದಷ್ಟಿತ್ತು, ಇಲ್ಲದಿದ್ದದ್ದು ಬಚ್ಚಿಡುವ ಜಾಗ. ಕಾದಂಬರಿ ಎಂದರೆ ಎರಡು ವರ್ಷ ಮನೆಯಲ್ಲೇ ಬಿದ್ದಿರುತ್ತದೆ. ಸಣ್ಣ ಕಥೆಯಾದರೆ ನಾಲ್ಕು ದಿನದಲ್ಲಿ ಮುಗಿದು, ಐದನೆಯ ದಿನ ಲಕೋಟೆ ಸೇರಿ ಹೊಸಿಲು ದಾಟುತ್ತದೆ. ಈಚೀಚೆಗೆ ಲಕೋಟೆಯೂ ಬೇಡ, ಮೊಬೈಲೇ ಸಾಕು. ಗಂಡ ಚಕ್ರಪಾಣಿಯವರ ಕೈಗೆ ಅದು ಸಿಗುವುದು ಅಚ್ಚಾದ ಮೇಲೆ. ಅಚ್ಚಾದ ಮೇಲೆ ಯಾರೇನು ಮಾಡಿಯಾರು?

ಚಕ್ರಪಾಣಿಯವರು ಸರ್ಕಾರಿ ಇಲಾಖೆಯೊಂದರ ವಿಚಕ್ಷಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಂಡವರು. ಪಿಂಚಣಿ ಶುರುವಾದ ಮೇಲೂ ಚಟ ಬಿಡಲಿಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎನ್ನುವ ಪೈಕಿ. ಹೆಂಡತಿಯ ಕಥೆ ವಾರಪತ್ರಿಕೆಯಲ್ಲಿ ಬಂದರೆ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಈ ಮನುಷ್ಯ ಯಾರು? ಮೈಸೂರಿನ ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಟ್ಟ ಕನ್ನಡಕದವನು ಯಾರು? ನೀನು ಮದುವೆಗೆ ಮುಂಚೆ ಮೈಸೂರಿನಲ್ಲೇ ಓದಿದ್ದಲ್ಲವೇ? ಎಲ್ಲ ಕಲ್ಪನೆ ಎನ್ನುತ್ತಿದ್ದರು ಸೀತಾಲಕ್ಷ್ಮಿ. ಅಂಥ ಉತ್ತರವನ್ನು ಗಂಡನ ವಿಭಾಗದಲ್ಲಿ ಯಾರೂ ಒಪ್ಪಿದ್ದಿಲ್ಲ.

ಆದರೂ ಗಂಡ ವಾಕಿಂಗ್‌ಗೆ ಹೋದ ಮುಕ್ಕಾಲು ಗಂಟೆಯಲ್ಲಿ, ಹುಳಿ ಕುದಿಯುವ ಹೊತ್ತಿನಲ್ಲಿ ಬರೆದ ಕಥೆಗಳೇ ಸೀತಾಲಕ್ಷ್ಮಿಗೆ ಹೆಸರು ತಂದವು. ದೀಪಾವಳಿ ವಿಶೇಷಾಂಕಗಳ ಬಹುಮಾನ ಎರಡು ಸಲ ಬಂತು. ಒಂದು ಕಥೆ ಕಾಲೇಜಿನ ಪಠ್ಯವೂ ಆಯಿತು. ಜಯನಗರದಲ್ಲಿ ಪುಟ್ಟ ಪ್ರಕಾಶನ ನಡೆಸುವ ಸುರಭಿ ಎಂಬ ಹುಡುಗಿ, ಕಾದಂಬರಿ ಕೊಡಿ ಮೇಡಂ, ಅದೇ ಓಡೋದು ಎಂದು ಎರಡು ವರ್ಷ ಕಾಡಿ, ಸೋತು, ಇಪ್ಪತ್ತೆರಡು ಕಥೆಗಳ ಸಂಕಲನಕ್ಕೆ ಒಪ್ಪಿದಳು. ಅರವತ್ತೆರಡನೆಯ ವಯಸ್ಸಿಗೆ ಮೊದಲ ಪುಸ್ತಕ.

ಎಡವಟ್ಟಾದದ್ದು ಕರಡಿನಿಂದ. ತಪ್ಪು ತಿದ್ದಿ ಕೊಡಿ ಎಂದು ಸುರಭಿ ಕಳಿಸಿದ ಹಾಳೆಗಳ ಕಟ್ಟು ಕೊರಿಯರಿನಲ್ಲಿ ಬಂದಾಗ ಬಾಗಿಲಲ್ಲಿದ್ದವರು ಚಕ್ರಪಾಣಿ. ನಾನೇ ತಿದ್ದುತ್ತೇನೆ ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಬಿಡಿಬಿಡಿಯಾಗಿ ಸಿಕ್ಕದವನು ಒಟ್ಟಿಗೆ ಓದಿದರೆ ಸಿಕ್ಕೇ ಸಿಗುತ್ತಾನೆ ಎಂಬುದು ಅವರ ಕಸುಬಿನ ನಂಬಿಕೆ. ಸೀತಾಲಕ್ಷ್ಮಿಗೆ ಊಟ ಸೇರಲಿಲ್ಲ. ಹಾಳೆ ಹರಿದು ಹಾಕಿದರೆ ಸುರಭಿ ಇನ್ನೊಂದು ಪ್ರತಿ ಕಳಿಸುತ್ತಾಳೆ, ಅದಲ್ಲ. ಈ ಪುಸ್ತಕ ಬೇಡ ಎಂದು ಗಂಡ ಬಾಯಿಬಿಟ್ಟು ಹೇಳಿದರೆ ತಾನು ಜಗಳಕ್ಕೆ ಹೇಸಿ ಹೂಂ ಎಂದುಬಿಡುವುದು ಖಂಡಿತ. ಅವರಿಗೆ ಭಯವಿದ್ದದ್ದು ತಮ್ಮ ಆ ಹೂಂ ಬಗ್ಗೆಯೇ.

ಮೂರನೆಯ ದಿನ ಮಧ್ಯಾಹ್ನ ಚಕ್ರಪಾಣಿ ಈಚೆ ಬಂದರು. ಕೈಯಲ್ಲಿ ಒಂದು ಪಟ್ಟಿ. ಎಂಟು ಕಥೆಗಳಲ್ಲಿ ಗಂಡ ಸತ್ತಿದ್ದಾನೆ. ಆರರಲ್ಲಿ ವರ್ಗವಾಗಿ ಬೇರೆ ಊರಿನಲ್ಲಿದ್ದಾನೆ. ಐದರಲ್ಲಿ ನಿದ್ದೆ ಮಾಡುತ್ತಿದ್ದಾನೆ. ಉಳಿದ ಮೂರರಲ್ಲಿ ಸ್ನಾನಕ್ಕೆ ಹೋದವನು ಕಥೆ ಮುಗಿದರೂ ಬಚ್ಚಲಿನಿಂದ ಬಂದಿಲ್ಲ.

"ಬೇರೆ ಯಾರೂ ಇಲ್ಲ ಕಣೇ. ಹುಡುಕಿ ಹುಡುಕಿ ಸಾಕಾಯ್ತು," ಎಂದರು. "ಆದ್ರೆ ನಾನೂ ಇಲ್ವಲ್ಲ, ಸೀತಾ."

"ನೀವು ಓದ್ತೀರಿ ಅಂತ ಗೊತ್ತಿತ್ತಲ್ಲ. ಹೇಗೆ ಬರೀಲಿ?"

ಚಕ್ರಪಾಣಿ ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟರು. ಆ ಮುಖ ನೋಡಿ ಸೀತಾಲಕ್ಷ್ಮಿಗೆ ಅಯ್ಯೋ ಎನ್ನಿಸಿತು. ಮೂವತ್ತೆಂಟು ವರ್ಷದ ಸಿಟ್ಟು ಮಾತ್ರ ಇಳಿಯಲಿಲ್ಲ. ಚಕ್ರಪಾಣಿಯವರೇ, ಪುಸ್ತಕ ಬರಲಿ, ಇನ್ನು ಮೇಲೆ ನಿನ್ನ ಹಾಳೆ ಮುಟ್ಟುವುದಿಲ್ಲ, ಬೇಕಾದರೆ ಕಾದಂಬರಿಯನ್ನೇ ಬರಿ ಎಂದರು.

ನಂಬುವುದಕ್ಕೆ ಸೀತಾಲಕ್ಷ್ಮಿಗೇನು ಹುಚ್ಚೇ? ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಅವರಿಗೂ ಗಂಡನ ಕಸುಬು ಸಾಕಷ್ಟು ಅಂಟಿತ್ತು. ಪುಸ್ತಕ ಬಂದ ಮರುವಾರ, ಪರೀಕ್ಷೆಗೆಂದೇ ಒಂದು ಕಥೆ ಬರೆದರು. ಅದರಲ್ಲಿ ಗಂಡ ಬದುಕಿದ್ದ, ಎಚ್ಚರವಾಗಿಯೂ ಇದ್ದ. ಈ ಮನೆಯಲ್ಲಿ ನಡೆಯುವ ಹಾಗೆಯೇ ಕಾಫಿ ಕುಡಿದು ಲೋಟವನ್ನು ಕಿಟಕಿಯಲ್ಲೇ ಬಿಟ್ಟು ಏಳುತ್ತಿದ್ದ, ಹೆಂಡತಿ ದಿನಾ ಎತ್ತಿ ತೊಳೆಯುತ್ತಿದ್ದಳು. ಹಾಳೆಗಳನ್ನು ಊಟದ ಮೇಜಿನ ಮೇಲೆ ಬಿಟ್ಟು, ತರಕಾರಿಗೆಂದು ಬನಶಂಕರಿಗೆ ಹೋದರು.

ಬಂದು ನೋಡಿದರೆ ಹಾಳೆಗಳು ಒಂದಿಷ್ಟೂ ಅಲುಗಿರಲಿಲ್ಲ. ಓದಿದಿರಾ ಎಂದು ಕೇಳಿದರು. ಇಲ್ಲ ಎಂದರು ಚಕ್ರಪಾಣಿ, ಪೇಪರಿನಿಂದ ತಲೆ ಎತ್ತದೆ. ಚೀಲ ಇಳಿಸಲು ಸೀತಾಲಕ್ಷ್ಮಿ ಅಡುಗೆಮನೆಗೆ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಿಂಕಿನ ಪಕ್ಕದಲ್ಲಿ ಕಾಫಿ ಲೋಟ ತೊಳೆದು ಬೋರಲು ಹಾಕಿತ್ತು.

ಮದುವೆಯಾದಾಗಿನಿಂದ ಇದೇ ಮೊದಲು. ಸೀತಾಲಕ್ಷ್ಮಿ ಆ ಲೋಟವನ್ನು ತುಂಬಾ ಹೊತ್ತು ನೋಡಿದರು, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಈಚೆ ಬಂದು, ಗಂಡನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಕೊನೆಯ ಹಾಳೆಯ ಕೆಳಗೆ 'ಅಧ್ಯಾಯ ಎರಡು' ಎಂದು ಬರೆದರು.