ನಾಲ್ಕರ ಬದಿಯ ಐಬು

ರಾಯಚೂರಿನ ಸ್ಟೇಷನ್ ಕಡೆ ಗಡಿಯಾರ ರಿಪೇರಿ ಮಾಡುವ ಹಫೀಜ್ ಸಾಬರ ಮಾತೆಂದರೆ ಮಾತು. ದೇವದುರ್ಗ ಬಿಟ್ಟು ಬಂದು ಮೂವತ್ತು ವರ್ಷವಾಯಿತು, ಒಬ್ಬ ಗಿರಾಕಿಗೂ ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ. ಅಷ್ಟು ನಿಯತ್ತಿನ ಮನುಷ್ಯನಿಗೆ ‘ಉಂಡ್ರ್ಯಾ?’ ಎಂದು ಕೇಳುವ ಒಂದು ಜೀವ ಮನೆಯಲ್ಲಿಲ್ಲ ನೋಡಿ. ರಂಜಾನಿಗೆ ಪಕ್ಕದ ಮನೆಯಿಂದ ಶೀರ್ ಖುರ್ಮಾ ಬರುತ್ತದೆ. ಡಬ್ಬಿ ತೊಳೆದು ಹಿಂದಿರುಗಿಸುವಾಗ ಅದರೊಳಗೆ ಹಾಕಿ ಕೊಡಲು ಇವರ ಬಳಿ ಏನೂ ಇರುವುದಿಲ್ಲ.

ಹೋದ ಫೆಬ್ರವರಿಯಲ್ಲಿ ಕುರ್ಡಿಯ ಬಸವಂತಮ್ಮ ಮಗ ಉದಯಕುಮಾರನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಅವನಿಗೆ ಮಾನ್ವಿಯ ಸುನಂದಾ ಎಂಬ ಹುಡುಗಿ ನಿಶ್ಚಯವಾಗಿತ್ತು. ಬೀಗರು ಅಳಿಯನ ಕೈಗೆ ವಿದೇಶದ ಭಾರೀ ಗಡಿಯಾರ ಕಟ್ಟಿದ್ದರು. ಹಸಿರು ಡಯಲ್, ಕೈಯಿಂದ ಬಣ್ಣ ಹಚ್ಚಿದ್ದು. ನೆಂಟರಲ್ಲಿ ಯಾರೋ ಪುಣ್ಯಾತ್ಮರು, ಇದು ಕಂಪನಿ ತೆಗೆದುಹಾಕಿದ ಮಾಲು ಎಂದು ಕಿವಿ ಊದಿದ್ದರು.

“ನೋಡ್ರಿ ಸಾಹೇಬ್ರ, ಅಂಚಿನ್ಯಾಗ ಕಪ್ಪಗ ಅದ, ನಡುವ ತಿಳಿ ಅದ. ನಮ್ಮನ್ನ ಮಂಗ್ಯಾ ಮಾಡ್ಯಾರ. ನೀವು ಐಬು ಅದ ಅಂದ್ರ ಈ ಸಂಬಂಧಾನ ಬ್ಯಾಡ, ಈಗಿಂದೀಗ ಮಾನ್ವಿಗೆ ಹೋಗಿ ಹೇಳಿ ಬರ್ತೀನಿ,” ಎಂದಳು ಬಸವಂತಮ್ಮ. ಮಗ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ.

ಹಫೀಜ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು.

“ಯವ್ವಾ, ಕೈಯಿಂದ ಹಚ್ಚಿದ ಬಣ್ಣ ಹಿಂಗ ಇರತದ. ಒಂದರಂಗ ಇನ್ನೊಂದು ಬರಂಗಿಲ್ಲ. ಈ ಕಪ್ಪು ಹರಡಂಗಿಲ್ಲ, ಮುಳ್ಳಿಗೆ ತಾಗಂಗಿಲ್ಲ, ನೋಡಾಕ ಅಷ್ಟ ಬ್ಯಾರೆ. ಬಣ್ಣ ಎದ್ದು ಉದುರಿದ್ರ ಅದಕ್ಕ ಐಬು ಅಂತಾರ.”

ಹೇಳುತ್ತಲೇ ಡಯಲನ್ನು ಬೆಳಕಿಗೆ ಓರೆ ಮಾಡಿದರು. ನಾಲ್ಕರ ಅಂಕಿಯ ಬದಿಯಲ್ಲಿ ಬಣ್ಣದ ಮೇಲಿನ ಮೆರುಗು ಕೂದಲೆಳೆಯಷ್ಟು ಎದ್ದಿತ್ತು. ಅಯ್ಯೋ, ಇದು ಐಬೇ! ಎರಡು ಮೂರು ವರ್ಷಕ್ಕೆ ಚಕ್ಕೆ ಎದ್ದು ಯಂತ್ರದೊಳಗೆ ಬೀಳುವುದು ಖಂಡಿತ.

ಇಪ್ಪತ್ತಾರರ ವಯಸ್ಸಿನಲ್ಲಿ ದೇವದುರ್ಗದ ಕಹಕಶಾನ್ ಎಂಬ ಹುಡುಗಿಯ ಜೊತೆ ಹಫೀಜರಿಗೂ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಅಪ್ಪ ತುಂಬಿದ ಸಭೆಯಲ್ಲಿ ಕಟ್ಟಿದ ಗಡಿಯಾರವನ್ನು ಈ ಮಹಾಶಯ ಅಲ್ಲೇ ಬಿಚ್ಚಿ, ಕಣ್ಣಿಗೆ ಹಿಡಿದು, ಹಳೇ ಡಯಲಿಗೆ ಹೊಸ ಬಣ್ಣ ಬಳಿದಿದ್ದಾರೆ, ಮೋಸ ಹೋಗಿದ್ದೀರಿ ಎಂದುಬಿಟ್ಟರು. ಹೊಸದಾಗಿ ಕಲಿತ ಕಸುಬಿನ ಹುಮ್ಮಸ್ಸು, ಮತ್ತೇನು! ಹೇಳಿದ್ದು ನಿಜವೇ. ಆ ಹಿರಿಯ ತಲೆ ತಗ್ಗಿಸಿ ಎದ್ದುಹೋದ, ಮರುದಿನ ಸಂಬಂಧ ಮುರಿಯಿತು. ನಿಜ ಹೇಳಿದ್ದರಲ್ಲಿ ನನ್ನದೇನು ತಪ್ಪು ಎಂದು ಹಫೀಜ್ ಇಷ್ಟು ವರ್ಷ ತಮಗೆ ತಾವೇ ಸಮಾಧಾನ ಹೇಳಿಕೊಂಡು, ಒಬ್ಬರೇ ಉಂಡು, ಒಬ್ಬರೇ ಮಲಗಿದ್ದರು.

“ಏನಂತೀರಿ ಸಾಹೇಬ್ರ?”

“ಐಬಿಲ್ಲ ಯವ್ವಾ. ಬಂಗಾರದಂಥಾ ಮಾಲು. ಮದುವಿ ಮಾಡ್ರಿ.”

ಜನ್ಮದಲ್ಲಿ ಗಿರಾಕಿಗೆ ಹೇಳಿದ ಮೊದಲ ಸುಳ್ಳು. ಗಡಿಯಾರ ಒರೆಸಿ ಹುಡುಗನ ಕೈಗೆ ಕೊಟ್ಟರು.

ಬಸವಂತಮ್ಮ ಖುಷಿಯಿಂದ ಆಟೋ ಕರೆಯಲು ರಸ್ತೆಗಿಳಿದಳು. ಉದಯಕುಮಾರ ಹಿಂದುಳಿದು ಮೇಜಿನ ಮೇಲೆ ಬಗ್ಗಿದ.

“ನಾಲ್ಕರ ಬಾಜೂಕ ಎದ್ದದ್ದು ನಿಮಗ ಕಂಡ್ತಲ್ರಿ?”

ಹಫೀಜ್ ಬೆಪ್ಪಾದರು. “ನಿನಗ ಗೊತ್ತಿತ್ತೇನು?”

“ಕಟ್ಟಿದ ದಿನಾನ ನೋಡೀನ್ರಿ. ಸುನಂದಾನ ಮುಂದ ಗಡಿಯಾರ ಏನ್ ದೊಡ್ಡದ್ರಿ? ನೀವೆಲ್ಲಿ ಹೇಳಿಬಿಡ್ತೀರೋ ಅಂತ ಜೀವ ಕೈಯಾಗ ಹಿಡ್ಕೊಂಡು ನಿಂತಿದ್ದೆ. ಆಕಿನೂ ಮನ್ಯಾಗ ಹಂಗ ಕುಂತಾಳ.”

“ಮದುವಿ ಆದ ಮ್ಯಾಲ ತಗೊಂಡು ಬಾ, ಸರಿಮಾಡಿ ಕೊಡ್ತೀನಿ,” ಎಂದಷ್ಟೇ ಹೇಳಿ ಹಫೀಜ್ ಅವನನ್ನು ಕಳಿಸಿದರು.

ಆಟೋ ಹೋಯಿತು. ಅವತ್ತು ಸಭೆಯಲ್ಲಿ ಪರದೆಯ ಆಚೆ ಕಹಕಶಾನ್ ಕೂತಿದ್ದಳು. ಅವಳೂ ಹೀಗೇ ಜೀವ ಕೈಯಲ್ಲಿ ಹಿಡಿದು, ಇವರ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳೇ? ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಹಫೀಜ್ ಸಾಬರಿಗೆ ಒಂದು ಸಲವೂ ಹೊಳೆದಿರಲಿಲ್ಲ. ಹಾಡಹಗಲಲ್ಲಿ, ಬಾಗಿಲು ತೆರೆದ ಅಂಗಡಿಯಲ್ಲಿ ಕೂತು ಅವರು ಅತ್ತುಬಿಟ್ಟರು.