ತಂಗಿಯ ತೋಟದ ಮುಯ್ಯಾಳು

ತಂಗಿಯ ದಾಳಿಂಬೆ ತೋಟ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಡಹುಟ್ಟಿದವಳು, ಹಾಗನ್ನಬಾರದು. ಆದರೆ ಉರಿಯುವುದನ್ನು ತಣ್ಣಗಿದೆ ಎಂದು ಹೇಗೆ ಹೇಳಲಿ?

ನಾನು ನನ್ನಿವಾಳದ ಸೊಸೆ, ಅವಳನ್ನು ಕೊಟ್ಟದ್ದು ಕೊಂಡ್ಲಹಳ್ಳಿಗೆ. ಒಂದೇ ವರ್ಷ, ಒಂದೇ ನರ್ಸರಿಯ ಸಸಿಗಳನ್ನು ಇಬ್ಬರೂ ನೆಟ್ಟೆವು. ನನ್ನ ಮಣ್ಣು ಅವಳದಕ್ಕಿಂತ ಒಳ್ಳೆಯದು, ಬೋರಿನ ನೀರೂ ಹೆಚ್ಚು. ಆದರೆ ದಾಳಿಂಬೆಗೆ ನೀರಿಗಿಂತ ಕೈ ಬೇಕು: ರೆಂಬೆ ಸವರಲು, ಔಷಧಿ ಹೊಡೆಯಲು, ಹಣ್ಣು ಕೀಳಲು. ನಮ್ಮೂರ ಹೆಂಗಸರು ಬೆಳಿಗ್ಗೆಯೇ ಆಟೋ ಹತ್ತಿ ಚಳ್ಳಕೆರೆಗೆ ಕೂಲಿಗೆ ಹೋಗುತ್ತಾರೆ. ಪೇಟೆಗಿಂತ ಹೆಚ್ಚು ಕೂಲಿ ಕೊಟ್ಟು ಕರೆದರೆ ಹಣ್ಣಿನ ದುಡ್ಡು ಅಲ್ಲಿಗಲ್ಲಿಗೇ ಸರಿ. ತಂಗಿಗೆ ಆ ತಾಪತ್ರಯವಿಲ್ಲ. ಅವಳ ಕೇರಿಯಲ್ಲಿ ಇನ್ನೂ ಮುಯ್ಯಾಳು ಇದೆ: ಇವತ್ತು ಇವಳ ತೋಟಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವಳು, ಕೂಲಿಯ ಮಾತೇ ಇಲ್ಲ.

ಮೂರನೇ ಬೆಳೆಗೆ ನನ್ನ ಹಣ್ಣು ಗಿಡದಲ್ಲೇ ಬಿರಿಯತೊಡಗಿತು. ಮರುದಿನ ವ್ಯಾಪಾರಿಯ ಲಾರಿ ಬರುವುದಿತ್ತು, ಒಂದು ಆಳೂ ಇಲ್ಲ. ತಂಗಿಯನ್ನು ಕೇಳುವುದಿಲ್ಲ ಎಂದು ಕೂತೆ. ನನ್ನ ಜೊತೆಗಿದ್ದ ಅವ್ವ, "ನಿನ್ ಜಂಬ ಬಂದು ಹಣ್ಣು ಕೀಳ್ತೈತೇನೆ?" ಎಂದು ತಾನೇ ಫೋನ್ ಮಾಡಿದಳು.

ಹೊತ್ತು ಮೂಡುವುದರೊಳಗೆ ತಂಗಿ ಒಂದು ಟೆಂಪೊ ತುಂಬ ಹೆಂಗಸರನ್ನು ಕರೆತಂದಳು. ತೆಲುಗು, ಕನ್ನಡ ಬೆರೆಸಿ ಹರಟುತ್ತಲೇ ಮಧ್ಯಾಹ್ನದೊಳಗೆ ತೋಟ ಬರಿದು ಮಾಡಿದರು. ಒಬ್ಬ ಹಿರಿಯಾಕೆ, "ನಿನ್ ತಂಗಿ ನಮ್ಮ ಹೊಲ್ದಾಗೆ ಕಳೆ ತೆಗಿಯಾಕೆ ಕುಂತ್ರೆ ಏಳಾದೇ ಇಲ್ಲ" ಎಂದಳು. ನನ್ನ ಹಣ್ಣು ಉಳಿಸಲು ಬಂದವಳ ಬಾಯಲ್ಲೂ ತಂಗಿಯದೇ ಹೊಗಳಿಕೆ.

ಹೊರಡುವಾಗ ಒಬ್ಬೊಬ್ಬರ ಕೈಗೂ ಕೂಲಿ ತುರುಕಿದೆ. ತಂಗಿಯ ಋಣ ಬೇಡ, ಅವಳ ಕೇರಿಯವರ ಹೊಲದಲ್ಲಿ ನಾನು ಬಗ್ಗುವುದೂ ಬೇಡ. ಆ ಹಿರಿಯಾಕೆ ನೋಟುಗಳನ್ನು ಜಗಲಿಯ ಮೇಲಿಟ್ಟಳು. ಉಳಿದವರೂ ಇಟ್ಟರು.

"ನಾವು ಕೂಲಿಗೆ ಬಂದಿರ್ಲಿಲ್ಲವ್ವ" ಎಂದಳು.

ತಂಗಿ ತಲೆ ತಗ್ಗಿಸಿದಳು. "ಒಂದಿನ ಇವ್ರ ಹೊಲಕ್ಕೆ ನೀನು ಬಂದಿದ್ರೆ ಸಾಕಾಗಿತ್ತಕ್ಕ."

ಮರುವರ್ಷ ಯಾರೂ ಬರಲಿಲ್ಲ, ನಾನು ಕರೆಯಲೂ ಇಲ್ಲ. ಗಿಡ ಕೀಳಿಸಿ ಶೇಂಗಾ ಬಿತ್ತಿದೆ, ಅದಕ್ಕಾದರೆ ಯಂತ್ರ ಸಿಗುತ್ತದೆ. ಕೇಳಿದವರಿಗೆಲ್ಲ ನಮ್ಮ ಮಣ್ಣಿಗೆ ದಾಳಿಂಬೆ ಒಗ್ಗುವುದಿಲ್ಲ ಎನ್ನುತ್ತೇನೆ. ತಂಗಿ ಪ್ರತಿ ಬೆಳೆಗೂ ಒಂದು ಚೀಲ ಹಣ್ಣು ಕಳಿಸುತ್ತಾಳೆ. ಒಳಗೆ ಕೊಳೆತಿರಲಿ ಎಂದುಕೊಂಡೇ ಒಂದೊಂದನ್ನೂ ಒಡೆಯುತ್ತೇನೆ. ಇದುವರೆಗೆ ಒಂದೂ ಕೊಳೆತದ್ದು ಸಿಕ್ಕಿಲ್ಲ.